ಹಳೆಯ ತಿಕೀಟಿನ ಮೇಲಿನ ಅಂಕಿ

ಕಾಗದದ ಮೇಲೆ ವಿಳಾಸವನ್ನು ಬರೆದಾದ ಬಳಿಕ ಊರಿನ ಹೆಸರಿನ ಮುಂದೆ ಆರು ಅಂಕಿಗಳನ್ನು ಬರೆಯುವುದು ನಮಗೆಲ್ಲ ರೂಢಿಯಾಗಿದೆ. ಗದಗು ಎಂದರೆ 582101. 1972ನೆಯ ಇಸವಿಯ ಆಗಸ್ಟ್ 15ರಂದು ಈ ಪಿನ್‌ಕೋಡ್ ಪದ್ಧತಿ ಜಾರಿಗೆ ಬಂತು. ಅದರ ಮೊದಲಿನ ಅಂಕಿ ದೇಶದ ಒಂದು ವಲಯವನ್ನು ಹೇಳುತ್ತದೆ. ಎರಡನೆಯದು ಉಪವಲಯವನ್ನು, ಮೂರನೆಯದು ಕಾಗದಗಳನ್ನು ವಿಂಗಡಿಸುವ ಜಿಲ್ಲೆಯನ್ನು, ಕೊನೆಯ ಮೂರು ಟಪಾಲು ಕಚೇರಿಯನ್ನು ಹೇಳುತ್ತವೆ. ಊರಿಗೆ ಒಳ್ಳೆಯ ಹೆಸರಿರುವಾಗ ಈ ಅಂಕಿ ಏತಕ್ಕೆ ಎಂದು ನೀವು ಕೇಳಬಹುದು. ನಾಗಾವಿ ಎಂಬ ಹೆಸರನ್ನೇ ತೆಗೆದುಕೊಳ್ಳಿರಿ. ಗದಗಿನ ಮಗ್ಗುಲಲ್ಲಿ ಒಂದು ನಾಗಾವಿ ಉಂಟು; ಇಂದು ಗ್ರಾಮೀಣಾಭಿವೃದ್ಧಿಯ ವಿಶ್ವವಿದ್ಯಾಲಯ ಇರುವುದು ಅಲ್ಲಿಯೇ. ಕಲಬುರ್ಗಿ ಜಿಲ್ಲೆಯ ಚಿತ್ತಾಪುರದ ಹತ್ತಿರ ಇನ್ನೊಂದು ನಾಗಾವಿ ಉಂಟು. 11ನೆಯ ಶತಮಾನದ ಘಟಿಕಾಸ್ಥಾನದಿಂದ ಅದು ಹೆಸರಾದುದು. ಬರಿಯ ನಾಗಾವಿ ಎಂದು ಬರೆದ ಕಾಗದ ಯಾವ ಊರಿಗೆ ಹೋಗಬೇಕು? ಅಂಕಿ ಈ ಸಂದೇಹವನ್ನು ಕಳೆಯುತ್ತದೆ.

ಊರಿಗೆ ಬದಲಾಗಿ ಅಂಕಿಯನ್ನು ನಿಲ್ಲಿಸುವ ಈ ಉಪಾಯ ನಮ್ಮ ದೇಶಕ್ಕೆ 1972ರಲ್ಲಿ ಹೊಸದಾಗಿ ಬಂದುದಲ್ಲ. ಅದಕ್ಕೂ ನೂರ ಹದಿನೇಳು ವರ್ಷಗಳ ಹಿಂದೆ, 1855ರಲ್ಲಿಯೇ, ಭಾರತದ ಟಪಾಲು ಕಚೇರಿಗಳಿಗೆ ಅಂಕಿಗಳನ್ನು ಹಂಚಿದ್ದರು. ಆಗ ಅಂಕಿಯನ್ನು ಬರೆಯುತ್ತಿದ್ದವರು ಕಾಗದ ಕಳಿಸುವವರಲ್ಲ. ಕಚೇರಿಯವರೇ ಅದನ್ನು ಮಸಿಯಲ್ಲಿ ಅದ್ದಿ ತಿಕೀಟಿನ ಮೇಲೆ ಒತ್ತುತ್ತಿದ್ದರು. ನಿಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲಿ ವಿಕ್ಟೋರಿಯಾ ರಾಣಿಯ ಮುಖವುಳ್ಳ ತಿಕೀಟು ಸಿಕ್ಕಿ, ಅದರ ಮುಖದ ಮೇಲೆ ಕಪ್ಪು ಗೆರೆಗಳ ನಡುವೆ ಒಂದು ಸಂಖ್ಯೆ ಕಂಡರೆ, ಅದೇ ಈ ಅಂಕಿ. ಅದನ್ನು ಓದುವ ಬಗೆ ಹೇಗೆ, ಅದನ್ನು ಕಾಪಾಡುವ ಬಗೆ ಹೇಗೆ ಎಂಬುದೇ ಈ ಲೇಖನದ ವಿಷಯ.

ಮೊದಲು ಠಸ್ಸೆ ಏಕೆ ಬಂತೆಂಬುದನ್ನು ನೋಡೋಣ. ಅಂಟಿಸುವ ತಿಕೀಟು ಹುಟ್ಟಿದ್ದು ಇಂಗ್ಲೆಂಡಿನಲ್ಲಿ, 1840ರ ಮೇ ತಿಂಗಳಲ್ಲಿ. ಒಮ್ಮೆ ಬಳಸಿದ ತಿಕೀಟನ್ನು ಬಿಡಿಸಿ ಮತ್ತೊಮ್ಮೆ ಅಂಟಿಸಿದರೆ ಸರಕಾರಕ್ಕೆ ನಷ್ಟ. ಆದುದರಿಂದ ತಿಕೀಟಿನ ಮುಖವನ್ನು ಕೆಡಿಸುವ ಒಂದು ಮುದ್ರೆ ಬೇಕಾಯಿತು. ಮೊದಲು ಶಿಲುಬೆಯ ಆಕಾರದ ಠಸ್ಸೆಯನ್ನು ಕೆಂಪು ಮಸಿಯಲ್ಲಿ ಒತ್ತಿದರು. ಜನರು ಅದನ್ನು ತೊಳೆದು ತೆಗೆಯುವುದನ್ನು ಕಲಿತಾಗ ಮಸಿ ಕಪ್ಪಾಯಿತು. 1844ರಲ್ಲಿ ಆ ದೇಶದ ಕಚೇರಿಗಳಿಗೆಲ್ಲ ಅಂಕಿಯುಳ್ಳ ಠಸ್ಸೆಗಳನ್ನು ಕೊಟ್ಟರು. ತಿಕೀಟು ಕೆಟ್ಟಿತು, ಕೆಡಿಸಿದ ಕಚೇರಿ ಯಾವುದೆಂಬುದೂ ಗೊತ್ತಾಯಿತು. ಒಂದೇ ಏಟಿಗೆ ಎರಡು ಕೆಲಸ.

ಈ ಪದ್ಧತಿ ತುಂಬ ಸೊಗಸಾಗಿ ಬೆಳೆದ ನಾಡು ಜರ್ಮನಿ. ಆಗ ಜರ್ಮನಿ ಒಂದೇ ರಾಜ್ಯವಾಗಿರಲಿಲ್ಲ. ಪ್ರಶ್ಯ, ಬವೇರಿಯ, ಸ್ಯಾಕ್ಸನಿ, ಬಾಡೆನ್ ಎಂದು ಹಲವು ಅರಸೊತ್ತಿಗೆಗಳು. ಒಂದೊಂದಕ್ಕೂ ತನ್ನದೇ ಟಪಾಲು, ತನ್ನದೇ ತಿಕೀಟು. ಹಲವು ಚಿಕ್ಕ ಸಂಸ್ಥಾನಗಳ ಟಪಾಲನ್ನು ಟೂರ್ನ್ ಮತ್ತು ಟಾಕ್ಸಿಸ್ ಎಂಬ ರಾಜಮನೆತನ ಗುತ್ತಿಗೆ ಹಿಡಿದಂತೆ 1867ರ ವರೆಗೆ ನಡೆಸಿತು. ಪ್ರಶ್ಯದ ಠಸ್ಸೆಯಲ್ಲಿ ನೀರಿನ ಅಲೆಯಂತೆ ಒಂದರೊಳಗೊಂದು ನಾಲ್ಕು ಬಳೆಗಳು, ನಡುವೆ ಅಂಕಿ. ಬವೇರಿಯದ್ದು ಗಿರಣಿಯ ಚಕ್ರದಂತೆ ಹಲ್ಲುಹಲ್ಲಾಗಿರುತ್ತದೆ. ಬವೇರಿಯದಲ್ಲಿ 1850ರಲ್ಲಿ ಹಂಚಿದ ಅಂಕಿಗಳನ್ನು 1856ರಲ್ಲಿ ಹೊಸದಾಗಿ ಹಂಚಿದರು. ಮ್ಯೂನಿಕ್ ನಗರ ಮೊದಲು 217 ಆಗಿದ್ದು ಬಳಿಕ 325 ಆಯಿತು. ಹಾಗಾಗಿ ಬವೇರಿಯದ ತಿಕೀಟಿನ ಮೇಲೆ 217 ಎಂದು ಕಂಡ ಕೂಡಲೆ ಮ್ಯೂನಿಕ್ ಎಂದು ಹೇಳಿಬಿಡಲಾಗದು. ಆ ತಿಕೀಟು ಯಾವ ಕಾಲದ್ದೆಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ಅಂಕಿಯ ಅರ್ಥ ಅಂಕಿಯೊಂದರಲ್ಲಿಯೇ ಇಲ್ಲವೆಂಬ ಈ ಪಾಠವನ್ನು ನೆನಪಿನಲ್ಲಿಟ್ಟುಕೊಳ್ಳಿರಿ. ನಮ್ಮ ನಾಡಿನ ತಿಕೀಟುಗಳನ್ನು ಓದುವಾಗ ಇದೇ ಪಾಠ ಬೇಕಾಗುತ್ತದೆ.

ಈಗ ನಮ್ಮ ದೇಶಕ್ಕೆ ಬರೋಣ. ಕಂಪನಿಯ ಕಾಲದಲ್ಲಿ ಟಪಾಲಿನ ದರ ದೂರದ ಲೆಕ್ಕದಲ್ಲಿತ್ತು. ವಾರನ್ ಹೇಸ್ಟಿಂಗ್ಸನು 1774ರಲ್ಲಿ ಗೊತ್ತುಮಾಡಿದ ದರವೇ ನೂರು ಮೈಲಿಗೆ ಎರಡು ಆಣೆ. ದೂರದ ಊರಿಗೆ ಕಾಗದ ಬರೆಯುವುದು ಸಾಮಾನ್ಯರ ಕೈಗೆ ಎಟುಕುವ ಮಾತಾಗಿರಲಿಲ್ಲ. 1852ರಲ್ಲಿ ಸಿಂಧ ಪ್ರಾಂತದಲ್ಲಿ ಮೊದಲ ತಿಕೀಟು ಹೊರಟಿತು. 1854ರ ಅಕ್ಟೋಬರ್ 1ರಿಂದ ಇಡಿಯ ಬ್ರಿಟಿಷ್ ಭಾರತಕ್ಕೆ ಒಂದೇ ಕಾನೂನು, ಒಂದೇ ದರ ಬಂತು. ಕಾಲು ತೊಲೆ ತೂಕದ ಕಾಗದಕ್ಕೆ ಅರ್ಧ ಆಣೆ; ಅದು ಧಾರವಾಡದಿಂದ ಬೆಳಗಾವಿಗೆ ಹೋದರೂ ಸರಿ, ಕಲಕತ್ತೆಗೆ ಹೋದರೂ ಸರಿ. ಅರ್ಧ ಆಣೆಯ ತಿಕೀಟು ನೀಲಿ, ಒಂದು ಆಣೆಯದು ಕೆಂಪು, ಎರಡು ಆಣೆಯದು ಹಸಿರು, ನಾಲ್ಕು ಆಣೆಯದು ಕೆಂಪು ನೀಲಿ ಎರಡು ಬಣ್ಣದ್ದು. ತಿಕೀಟು ಹಚ್ಚದೆ ಹಾಕಿದ ಕಾಗದಕ್ಕೆ ಪಡೆಯುವವರಿಂದ ಎರಡು ಪಟ್ಟು ಹಣ. ‘ಬೇರಿಂಗ್’ ಎಂಬ ಮಾತು ನಮ್ಮ ಅಜ್ಜಂದಿರ ಬಾಯಲ್ಲಿ ಉಳಿದುದು ಇದರಿಂದಲೇ.

1854ರಲ್ಲಿ ಈ ತಿಕೀಟುಗಳನ್ನು ಕೆಡಿಸಲು ಕೊಟ್ಟ ಠಸ್ಸೆಯಲ್ಲಿ ಅಂಕಿ ಇರಲಿಲ್ಲ. ಚುಕ್ಕೆಗಳನ್ನು ಸಾಲಾಗಿ ಜೋಡಿಸಿ, ರಂಗವಲ್ಲಿಯ ಚುಕ್ಕೆಯಂತೆ ವಜ್ರಾಕೃತಿ ಮಾಡಿದ್ದರು, ಅಷ್ಟೆ. ಮರುವರ್ಷದಿಂದ ಅಂಕಿಗಳು ಬಂದವು. ಆದರೆ ಇಡಿಯ ದೇಶಕ್ಕೆ ಒಂದೇ ಸಾಲಿನ ಅಂಕಿಗಳನ್ನು ಕೊಡಲಿಲ್ಲ. ಬಂಗಾಳ, ಮದ್ರಾಸ್, ಮುಂಬಯಿ ಎಂದು ಮೂರು ವಿಭಾಗ. ಮೂರಕ್ಕೂ ಒಂದರಿಂದ ಆರಂಭವಾಗುವ ಬೇರೆ ಬೇರೆ ಸಾಲು. ಬಂಗಾಳದ ಠಸ್ಸೆಯಲ್ಲಿ ಅಂಕಿಯ ತಲೆಯ ಮೇಲೆ ಇಂಗ್ಲಿಷಿನ ‘ಬಿ’ ಅಕ್ಷರ, ಮದ್ರಾಸಿನದರಲ್ಲಿ ‘ಸಿ’ ಅಕ್ಷರ. ಮುಂಬಯಿಯವರು ಅಕ್ಷರವಿಲ್ಲದೆ ಅಂಕಿಯನ್ನಷ್ಟೇ ಗೆರೆಗಳ ವಜ್ರಾಕೃತಿಯ ನಡುವೆ ಇಟ್ಟರು. ಬಂಗಾಳದ ಚೌಕಟ್ಟು ಎಂಟು ಮೂಲೆಯ ಗೆರೆಸಾಲು.

ಈ ಅಂಕಿಗಳು ಎಷ್ಟು ದೂರ ಹೋದವೆಂಬುದನ್ನು ಕೇಳಿದರೆ ನಿಮಗೆ ಆಶ್ಚರ್ಯವಾದೀತು. ‘ಬಿ 172’ ಎಂಬುದು ಬಂಗಾಳದ ಊರಲ್ಲ, ಸಿಂಗಪುರ. ‘ಬಿ 147’ ಎಂದರೆ ಪೆನಾಂಗ್. ಆ ದ್ವೀಪಗಳು 1867ರ ವರೆಗೆ ಭಾರತ ಸರಕಾರದ ಕೈಕೆಳಗಿದ್ದುದರಿಂದ ಅಲ್ಲಿಯೂ ನಮ್ಮ ತಿಕೀಟುಗಳೇ ನಡೆಯುತ್ತಿದ್ದವು. ಅರಬಸ್ತಾನದ ತುದಿಯ ಏಡನ್ ಬಂದರವು ಮುಂಬಯಿಯ ಸಾಲಿನಲ್ಲಿ 124 ಆಗಿತ್ತು. ಮುಂದೆ 132 ಆಯಿತು. ಇನ್ನೂ ಮುಂದೆ ‘ಬಿ-22’ ಆಯಿತು. ಒಂದೇ ಊರಿಗೆ ಮೂರು ಹೆಸರು. ಈ ಕೊನೆಯ ‘ಬಿ’ ಅಕ್ಷರವನ್ನು ಬಂಗಾಳವೆಂದು ಓದಿದರೆ ಕೆಟ್ಟಿತು. 1873ರ ಸುಮಾರಿಗೆ ವ್ಯವಸ್ಥೆ ಬದಲಾಗಿ ‘ಬಿ’ ಎಂದರೆ ಮುಂಬಯಿ, ‘ಎಂ’ ಎಂದರೆ ಮದ್ರಾಸ್ ಆಗಿತ್ತು. ಅಂದರೆ ಅಕ್ಷರವೂ ತನ್ನ ಅರ್ಥವನ್ನು ಕಾಲಕ್ಕೆ ತಕ್ಕಂತೆ ಬದಲಿಸಿತು.

ವ್ಯಾಕರಣ ಓದಿದವರು ಇದನ್ನು ಸುಲಭವಾಗಿ ತಿಳಿಯಬಲ್ಲರು. ನಾನಾರ್ಥವುಳ್ಳ ಶಬ್ದದ ಅರ್ಥ ನಿಶ್ಚಯವಾಗುವುದು ಅದರ ಹಿಂದುಮುಂದಿನ ಮಾತುಗಳಿಂದ. ‘ಹರಿ’ ಎಂದರೆ ವಿಷ್ಣುವೂ ಹೌದು, ಸಿಂಹವೂ ಹೌದು, ಕುದುರೆಯೂ ಹೌದು. ಹಾಗೆಯೇ 60 ಎಂಬ ಅಂಕಿ ಮೂರು ವಿಭಾಗಗಳಲ್ಲಿ ಮೂರು ಊರು. ಅದರ ಸುತ್ತಲಿನ ಚೌಕಟ್ಟು, ತಲೆಯ ಮೇಲಿನ ಅಕ್ಷರ, ಕೆಳಗಿನ ತಿಕೀಟು, ಇವು ಅದಕ್ಕೆ ವಿಶೇಷಣಗಳು. ವಿಶೇಷಣವನ್ನು ಬಿಟ್ಟು ವಿಶೇಷ್ಯವನ್ನು ಹಿಡಿದರೆ ಅರ್ಥ ದಕ್ಕದು.

ಈ ಮಾತು ಕನ್ನಡ ನಾಡಿನಲ್ಲಿ ಬೇರೆಲ್ಲ ಕಡೆಗಿಂತ ಹೆಚ್ಚು ನಿಜ. ಇಂದು ಗದಗು, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರಗಳು ಒಂದೇ ಜಿಲ್ಲೆಯ ಊರುಗಳು. 1855ರಲ್ಲಿ ಹಾಗಿರಲಿಲ್ಲ. ಗದಗು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿತ್ತು. ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು. ಮೂಡಲಕ್ಕೆ ನಡೆದರೆ ಕೊಪ್ಪಳ, ಅದು ನಿಜಾಮನ ರಾಜ್ಯ. ತುಂಗಭದ್ರೆಯನ್ನು ದಾಟಿ ಹೋದರೆ ಬಳ್ಳಾರಿಯ ಸೀಮೆ, ಅದು ಮದ್ರಾಸ್ ಇಲಾಖೆ. ತೆಂಕಣಕ್ಕೆ ಮೈಸೂರು. ಎತ್ತಿನ ಬಂಡಿ ಕೆಲವೇ ದಿನ ನಡೆದರೆ ಇಷ್ಟು ಸರಕಾರಗಳ ನೆಲವನ್ನು ತುಳಿಯುತ್ತಿತ್ತು. ಎಲ್ಲೆಡೆಯೂ ಮನೆಯ ಮಾತು ಕನ್ನಡ. ಕಾಗದದ ಮೇಲೆ ಬೀಳುವ ಠಸ್ಸೆ ಮಾತ್ರ ಬೇರೆ ಬೇರೆ.

ಬಳ್ಳಾರಿ, ಮಂಗಳೂರುಗಳ ಠಸ್ಸೆಯನ್ನು ಮದ್ರಾಸಿನ ಸಾಲಿನಲ್ಲಿ ಹುಡುಕಬೇಕು. ಧಾರವಾಡ, ಬೆಳಗಾವಿಗಳದನ್ನು ಮುಂಬಯಿಯ ಸಾಲಿನಲ್ಲಿ. ಕಾರವಾರ, ಕುಮಟೆ, ಶಿರ್ಸಿಗಳಿರುವ ಉತ್ತರ ಕನ್ನಡವು 1862ರ ವರೆಗೆ ಮದ್ರಾಸ್ ಇಲಾಖೆಯಲ್ಲಿದ್ದು ಆಮೇಲೆ ಮುಂಬಯಿಗೆ ಸೇರಿತು. ಆ ಕರಾವಳಿಯ ತಿಕೀಟನ್ನು ನೋಡುವಾಗ ಈ ಇಸವಿಯನ್ನು ಮರೆಯಲಾಗದು. ಮೈಸೂರಿನಲ್ಲಿ ಅರಸರ ಸ್ವಂತ ಅಂಚೆ ಇತ್ತು. ಚಿಕ್ಕದೇವರಾಜ ಒಡೆಯರ ಕಾಲದಿಂದ ನಡೆದುಬಂದ ಆ ಏರ್ಪಾಡು 1889ರಲ್ಲಿ ಸಾಮ್ರಾಜ್ಯದ ಟಪಾಲಿನಲ್ಲಿ ಲೀನವಾಯಿತು. ಮೈಸೂರು ತನ್ನದೆಂದು ತಿಕೀಟು ಹೊರಡಿಸಲೇ ಇಲ್ಲ. ನಿಜಾಮನ ಸರಕಾರ 1869ರಿಂದ ತನ್ನ ತಿಕೀಟುಗಳನ್ನು ಹೊರಡಿಸಿತು. ಅವು 1950ರಲ್ಲಿ ನಿಂತವು. ಆದರೆ ಬೆಂಗಳೂರು ದಂಡು, ಸಿಕಂದರಾಬಾದು ಮುಂತಾದ ಕಡೆ ಬ್ರಿಟಿಷರ ಟಪಾಲು ಕಚೇರಿಗಳೂ ಇದ್ದವು. ನಾವು ಇಂದಿಗೂ ಒಂದೇ ವಸ್ತುವಿಗೆ ಗದಗಿನ ಕಡೆ ‘ಟಪಾಲು’ ಎಂದೂ ಮೈಸೂರಿನ ಕಡೆ ‘ಅಂಚೆ’ ಎಂದೂ ಹೇಳುವುದರಲ್ಲಿ ಆ ಹಳೆಯ ಗಡಿರೇಖೆ ಉಳಿದಿದೆ. ಜರ್ಮನಿ 1871ರಲ್ಲಿ ಒಂದಾಯಿತು. ನಾವು ಒಂದಾದದ್ದು 1956ರ ನವೆಂಬರ್ 1ರಂದು. ಒಂದಾಗುವ ಮೊದಲು ನಾಡು ಹೇಗೆ ಹರಿದಿತ್ತೆಂಬುದನ್ನು ಎರಡೂ ಕಡೆ ತಿಕೀಟಿನ ಠಸ್ಸೆಗಳು ತೋರಿಸುತ್ತವೆ.

ಹಾಗಾದರೆ ಕೈಗೆ ಬಂದ ಅಂಕಿಯನ್ನು ಓದುವುದು ಹೇಗೆ? ಶಾಸನ ಓದುವವರ ಕ್ರಮವನ್ನೇ ಅನುಸರಿಸಬಹುದು. ಶಾಸನದಲ್ಲಿ ಶಕವರ್ಷ ಇರುತ್ತದೆ, ಸಂವತ್ಸರ ಇರುತ್ತದೆ, ಮಾಸ, ತಿಥಿ, ವಾರ ಇರುತ್ತವೆ. ಬಲ್ಲವರು ಒಂದನ್ನೇ ನಂಬುವುದಿಲ್ಲ. ಎಲ್ಲವೂ ಹೊಂದಿದರೆ ಮಾತ್ರ ಕಾಲ ನಿಶ್ಚಯ. ಇಲ್ಲಿಯೂ ಹಾಗೆಯೇ.

ಮೊದಲು ತಿಕೀಟಿನ ವಯಸ್ಸು. ಅಂಚಿನಲ್ಲಿ ತೂತುಗಳಿಲ್ಲದೆ ಕತ್ತರಿಯಿಂದ ಬಿಡಿಸಿದ್ದು, ‘ಇಂಡಿಯಾ’ ಎಂಬ ಅಕ್ಷರವಿದ್ದರೆ ಅದು 1854ರ, ಕಲಕತ್ತೆಯಲ್ಲಿ ಮುದ್ರಿಸಿದ ತಿಕೀಟು. ‘ಈಸ್ಟ್ ಇಂಡಿಯಾ’ ಎಂದಿದ್ದರೆ 1855ರಿಂದ ಲಂಡನ್ನಿನಲ್ಲಿ ಅಚ್ಚಾಗಿ ಬಂದುದು. ಅದನ್ನು ಬೆಳಕಿಗೆ ಹಿಡಿದಾಗ ಕಾಗದದೊಳಗೆ ಆನೆಯ ತಲೆಯ ಗುರುತು ಕಂಡರೆ 1865ರಿಂದ ಈಚಿನದು. ‘ಈಸ್ಟ್’ ಎಂಬ ಮಾತು ಬಿಟ್ಟುಹೋಗಿ ನಕ್ಷತ್ರದ ಗುರುತು ಕಂಡರೆ 1882ರಿಂದ ಈಚೆಗೆ. ತಿಕೀಟಿನ ಮೇಲೆ ‘ಸರ್ವಿಸ್’ ಎಂದು ಒತ್ತಿದ್ದರೆ ಅದು 1866ರಿಂದ ಮುಂದಿನ ಸರಕಾರಿ ಕಾಗದದ್ದು.

ಎರಡನೆಯದು ಚೌಕಟ್ಟು ಮತ್ತು ಅಕ್ಷರ. ಇವುಗಳಿಂದ ವಿಭಾಗ ಗೊತ್ತಾಗುತ್ತದೆ. ಭೂತಗನ್ನಡಿಯನ್ನು ಹಿಡಿದು, ಗೆರೆಗಳು ಎಷ್ಟು, ತುದಿಗಳು ಚೂಪೋ ಮೊಂಡೋ ಎಂಬುದನ್ನು ನೋಡಿರಿ. ಮೂರನೆಯದು ಅಂಕಿ. ಒತ್ತುವಾಗ ಮಸಿ ಹೆಚ್ಚಾದರೆ 3 ಮತ್ತು 8 ಒಂದೇ ಆಗಿ ಕಾಣುತ್ತವೆ. ಠಸ್ಸೆ ತಲೆಕೆಳಗಾಗಿ ಬಿದ್ದಿದ್ದರೆ 66 ಹೋಗಿ 99 ಆಗುತ್ತದೆ. ಗೆರೆಗಳ ನಿಲುವನ್ನು ನೋಡಿ ಯಾವುದು ತಲೆ, ಯಾವುದು ಕಾಲು ಎಂಬುದನ್ನು ತಿಳಿಯಬೇಕು.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ, ಅದು ಲಕೋಟೆ. ಅಂಕಿಯ ಠಸ್ಸೆ ಬೀಳುತ್ತಿದ್ದುದು ತಿಕೀಟಿನ ಮೇಲೆ. ಊರಿನ ಹೆಸರು, ತಾರೀಖುಗಳುಳ್ಳ ದುಂಡನೆಯ ಠಸ್ಸೆ ಬೀಳುತ್ತಿದ್ದುದು ಬೇರೆ ಕಡೆ, ಹಲವು ವೇಳೆ ಲಕೋಟೆಯ ಬೆನ್ನಿನ ಮೇಲೆ. ಹೊರಟ ಊರು, ಮುಟ್ಟಿದ ಊರು, ಕೆಲವೊಮ್ಮೆ ನಡುವಿನ ಊರು, ಎಲ್ಲವೂ ಅಲ್ಲಿ ಸಾಲಾಗಿ ಇರುತ್ತವೆ. ಎರಡೂ ಠಸ್ಸೆಗಳು ಒಂದೇ ಲಕೋಟೆಯಲ್ಲಿ ಉಳಿದಾಗ ಮಾತ್ರ ಇಂತಹ ಅಂಕಿ ಇಂತಹ ಊರಿನದು ಎಂದು ಎದೆ ತಟ್ಟಿ ಹೇಳಬಹುದು. ಮುಂಬಯಿಯ ಜಾಲ್ ಕೂಪರ್ ಮೊದಲಾದ ಸಂಗ್ರಾಹಕರು ಇಂತಹ ಲಕೋಟೆಗಳನ್ನು ವರ್ಷಗಟ್ಟಲೆ ಕೂಡಿಸಿ, ಠಸ್ಸೆಗಳ ಬಗೆಗಳನ್ನು ವಿಂಗಡಿಸಿ ಪುಸ್ತಕ ಬರೆದರು. ಅವರು ತೋರಿದ ದಾರಿಯಲ್ಲಿ ಇಂದಿಗೂ ಸಂಗ್ರಾಹಕರು ನಡೆಯುತ್ತಿದ್ದಾರೆ.

ಐದನೆಯದು ಒಳಗಿನ ಕಾಗದ. ನಮ್ಮ ಕಡೆಯ ಹಳೆಯ ಪತ್ರಗಳಲ್ಲಿ ಕನ್ನಡದವೂ ಉಂಟು, ಮೋಡಿ ಲಿಪಿಯವೂ ಉಂಟು. ಅವುಗಳ ತಲೆಯಲ್ಲಿ ಸಂವತ್ಸರ, ಮಾಸ, ತಿಥಿ ಇರುತ್ತವೆ. ‘ರಕ್ತಾಕ್ಷಿ ಸಂವತ್ಸರ’ ಎಂದು ಇದ್ದರೆ ಅದು 1864-65 ಆಗಬಹುದು. ಅರವತ್ತು ವರ್ಷಕ್ಕೆ ತಿರುಗಿ ಬರುವುದರಿಂದ 1924-25 ಕೂಡ ಆಗಬಹುದು. ಲಕೋಟೆಯ ಮೇಲೆ ವಿಕ್ಟೋರಿಯಾ ರಾಣಿಯ ತಿಕೀಟು ಇದ್ದರೆ ಸಂದೇಹ ತೀರಿತು. ನೋಡಿರಿ, ಒಳಗಿನ ಕಾಗದ ಹೊರಗಿನ ಠಸ್ಸೆಗೆ ಸಾಕ್ಷಿ. ಹೊರಗಿನ ಠಸ್ಸೆ ಒಳಗಿನ ಕಾಗದಕ್ಕೆ ಸಾಕ್ಷಿ. ಎರಡನ್ನೂ ಅಗಲಿಸಿದರೆ ಎರಡೂ ಮೂಕವಾಗುತ್ತವೆ.

ಈ ಸಾಕ್ಷ್ಯ ಚಿಕ್ಕದೆಂದು ಎಣಿಸಬೇಡಿರಿ. 1858ರ ಮೇ ತಿಂಗಳಲ್ಲಿ ನರಗುಂದದ ಬಾಬಾಸಾಹೇಬನೂ ಮುಂಡರಗಿಯ ಭೀಮರಾಯನೂ ಕಂಪನಿಯ ವಿರುದ್ಧ ಎದ್ದು ನಿಂತರು. ಮೇ 29ರಂದು ಸುರೇಬಾನದಲ್ಲಿ ಮ್ಯಾನ್ಸನ್ ಎಂಬ ಅಧಿಕಾರಿ ಹತನಾದನು. ಆ ದಿನಗಳಲ್ಲಿ ಈ ಸೀಮೆಯಿಂದ ಹೊರಟ ಒಂದು ಸಾಮಾನ್ಯ ವ್ಯಾಪಾರಿಯ ಕಾಗದ ಸಿಕ್ಕಿತೆನ್ನಿರಿ. ಅದು ಯಾವ ದಿನ ಹೊರಟಿತು, ಯಾವ ಊರ ಮೇಲೆ ಹಾದಿತು, ಎಷ್ಟು ದಿನ ತಡವಾಯಿತು ಎಂಬುದನ್ನು ಠಸ್ಸೆಗಳು ಹೇಳುತ್ತವೆ. ದಾರಿ ಕಟ್ಟಿತ್ತೋ ಬಿಟ್ಟಿತ್ತೋ ಎಂಬುದನ್ನು ಅದರಿಂದ ಊಹಿಸಬಹುದು. ಮುಂದೆ 1861ರಿಂದ 1865ರ ವರೆಗೆ ಅಮೇರಿಕದಲ್ಲಿ ಅಂತರ್ಯುದ್ಧ ನಡೆದು ನಮ್ಮ ಹತ್ತಿಯ ಬೆಲೆ ಗಗನಕ್ಕೇರಿತು. ಧಾರವಾಡ ಸೀಮೆಯ ಹತ್ತಿ ಮುಂಬಯಿಯ ದಾರಿಯಾಗಿ ಇಂಗ್ಲೆಂಡಿಗೆ ಹೋಯಿತು. ಆ ವ್ಯಾಪಾರದ ಕಾಗದಗಳು ಗದಗು ಬೆಟಗೇರಿಗಳ ಹಳೆಯ ಮನೆಗಳ ಕಿರ್ದಿ ಪುಸ್ತಕಗಳ ನಡುವೆ ಇದ್ದರೆ, ಅವು ಆ ಕಾಲದ ದರ, ದಾರಿ, ನಂಟುಗಳ ಚರಿತ್ರೆ.

ನಾಗಾವಿಯಂತಹ ಚಿಕ್ಕ ಹಳ್ಳಿಗಳ ಪಾಲಿಗಂತೂ ಲಕೋಟೆಯೇ ಏಕೈಕ ಆಧಾರ. ಕಚೇರಿಯಿಲ್ಲದ ಹಳ್ಳಿಗೆ ಅಂಕಿಯಿಲ್ಲ. ಹಳ್ಳಿಯವನು ಬರೆಸಿದ ಕಾಗದ ಹತ್ತಿರದ ಪೇಟೆಯ ಕಚೇರಿಗೆ ಹೋಗಿ, ಪೇಟೆಯ ಅಂಕಿಯನ್ನು ಹೊತ್ತು ಹೊರಡುತ್ತಿತ್ತು. ಬರಿಯ ತಿಕೀಟನ್ನು ಕಂಡವರಿಗೆ ಪೇಟೆ ಕಾಣಿಸುತ್ತದೆ, ಹಳ್ಳಿ ಕಾಣಿಸುವುದಿಲ್ಲ. ಹಳ್ಳಿಯ ಹೆಸರು ಇರುವುದು ಒಳಗಿನ ಒಕ್ಕಣೆಯಲ್ಲಿ, ‘ಇಂತಹ ಗ್ರಾಮದಿಂದ ಇಂಥವರು ಮಾಡುವ ನಮಸ್ಕಾರ’ ಎಂಬ ಒಂದು ಸಾಲಿನಲ್ಲಿ ಮಾತ್ರ.

ಆದುದರಿಂದ ನಿಮ್ಮಲ್ಲಿ ಒಂದು ಬಿನ್ನಹ. ಹಳೆಯ ಲಕೋಟೆ ಸಿಕ್ಕರೆ ತಿಕೀಟನ್ನು ಕತ್ತರಿಸಬೇಡಿರಿ, ನೀರಿನಲ್ಲಿ ನೆನೆಸಿ ಬಿಡಿಸಬೇಡಿರಿ. ನನ್ನ ಶಾಲೆಯ ಮಕ್ಕಳು ತರುವ ಆಲ್ಬಮ್ಮುಗಳಲ್ಲಿ ಅಚ್ಚುಕಟ್ಟಾಗಿ ಬಿಡಿಸಿ ಅಂಟಿಸಿದ ತಿಕೀಟುಗಳನ್ನು ಎಷ್ಟೋ ಸಲ ನೋಡಿದ್ದೇನೆ. ಲಕೋಟೆ ಎಲ್ಲಿ ಎಂದು ಕೇಳಿದರೆ ಒಲೆಗೆ ಹೋಯಿತೆಂದೋ ರದ್ದಿಗೆ ಹೋಯಿತೆಂದೋ ಉತ್ತರ ಬರುತ್ತದೆ. ಮಕ್ಕಳ ತಪ್ಪಲ್ಲ, ತಿಕೀಟು ಬೆಲೆಯುಳ್ಳದ್ದು, ಲಕೋಟೆ ಕಸ ಎಂದು ದೊಡ್ಡವರೇ ಹೇಳಿಕೊಟ್ಟುದು. ಅಂಕಿಯ ಠಸ್ಸೆಗಳ ವಿಷಯದಲ್ಲಿ ಇದು ತಲೆಕೆಳಗಾದ ಲೆಕ್ಕ. ಅರ್ಧ ಆಣೆಯ ತಿಕೀಟುಗಳು ಅಪಾರವಾಗಿ ಅಚ್ಚಾದವು. ಅಂಕಿ ಯಾವ ಊರಿನದೆಂದು ತೋರಿಸುವ ಲಕೋಟೆ ಒಂದೇ ಒಂದು ಉಳಿದಿರಬಹುದು.

ಲಕೋಟೆಯನ್ನು ಹಾಗೆಯೇ ಮಡಿಕೆ ಬಿಡಿಸದಂತೆ ಒಣಗಿದ ಬಿಳಿಯ ಕಾಗದದ ನಡುವೆ ಇಡಿರಿ. ಗೋಂದಾಗಲಿ ಅಂಟುಪಟ್ಟಿಯಾಗಲಿ ತಾಗಬಾರದು; ಬಿಸಿಲು ಬೀಳಬಾರದು; ಗೆದ್ದಲಿಗೂ ತೇವಕ್ಕೂ ದೂರವಿರಬೇಕು. ಬೇರೆ ಕಾಗದದ ಮೇಲೆ ಐದು ಸಂಗತಿಗಳನ್ನು ಬರೆದಿಡಿರಿ: ತಿಕೀಟಿನ ಬಣ್ಣ ಮತ್ತು ಬೆಲೆ, ಠಸ್ಸೆಯ ಆಕಾರ, ಅಂಕಿ, ಬೆನ್ನಿನ ಮೇಲಿನ ಊರು ತಾರೀಖುಗಳು, ಯಾರ ಮನೆಯಲ್ಲಿ ಸಿಕ್ಕಿತೆಂಬುದು. ಕೊಳ್ಳುವುದಾದರೆ ಎಚ್ಚರ ಬೇಕು. ಅಗ್ಗದ ತಿಕೀಟಿಗೆ ಹೊಸ ಠಸ್ಸೆ ಒತ್ತಿ ದುಬಾರಿಗೆ ಮಾರುವವರೂ ಇದ್ದಾರೆ. ತಿಕೀಟಿನ ಅಂಚನ್ನು ದಾಟಿ ಲಕೋಟೆಯ ಮೇಲೂ ಹರಿದ ಠಸ್ಸೆಯ ಮೇಲೆ ಹೆಚ್ಚು ನಂಬಿಕೆ ಇಡಬಹುದು.

ಅಂಕಿಯ ಠಸ್ಸೆಗಳ ಕಾಲ ದೀರ್ಘವಾಗಿರಲಿಲ್ಲ. ಊರಿನ ಹೆಸರು, ತಾರೀಖುಗಳುಳ್ಳ ಠಸ್ಸೆಯನ್ನೇ ತಿಕೀಟಿನ ಮೇಲೆ ಒತ್ತುವ ಪದ್ಧತಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಬಂದು, ಅಂಕಿಗಳು ಹಿಂದೆ ಸರಿದವು. 1880ರ ದಶಕದಲ್ಲಿ ಗದಗಿಗೆ ರೈಲು ಬಂದು ಟಪಾಲಿನ ದಾರಿಯೂ ಬದಲಾಯಿತು. ಅಂಕಿ ಉಳಿದಿರುವುದು ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ ಮಾತ್ರ. ಆ ಮನೆಗಳು ಒಂದೊಂದಾಗಿ ಬಿಚ್ಚುತ್ತಿವೆ. ಜಂತಿ ಬಾಗಿಲುಗಳಿಗೆ ಬೆಲೆ ಕಟ್ಟುವವರು ಬರುತ್ತಾರೆ, ಕಾಗದದ ಗಂಟು ತೂಕಕ್ಕೆ ಹೋಗುತ್ತದೆ. ಗಂಟು ಹೋಗುವ ಮೊದಲು ಒಂದು ಮಧ್ಯಾಹ್ನ ಅದನ್ನು ಬಿಚ್ಚಿ ನೋಡಿರಿ. ಕಪ್ಪು ಗೆರೆಗಳ ನಡುವೆ ಒಂದು ಸಂಖ್ಯೆ ಕಂಡರೆ, ಲಕೋಟೆಯನ್ನು ತಿರುಗಿಸಿ ಬೆನ್ನನ್ನು ಓದಿರಿ.